ಗುರುಗುಂಟಾದ ಆಚೆಯ ಬೂದಿ ದಿಬ್ಬ

ಅಪ್ಪ ವಿಭೂತಿ ಹಚ್ಚಿಕೊಳ್ಳುವುದನ್ನು ಬಿಟ್ಟು ಒಂಬತ್ತು ದಿನವಾಗಿತ್ತು. ಬಿಡಿಸಿದವಳು ನಾನು.

ಗುರುಗುಂಟಾದ ಆಚೆ, ಬಯಲಿನಲ್ಲಿ, ಒಂದು ಹಳೆಯ ಬೂದಿ ದಿಬ್ಬವಿದೆ. ಋಷಿಗಳು ಹೋಮ ಮಾಡಿದ ಜಾಗ ಅದು ಎಂದು ಅಪ್ಪನ ನಂಬಿಕೆ. ವರ್ಷಕ್ಕೊಮ್ಮೆ ಅಲ್ಲಿಂದ ಒಂದು ಗಂಟು ಬೂದಿ ತಂದು, ಸೋಸಿ, ಡಬ್ಬಿಯಲ್ಲಿಟ್ಟುಕೊಂಡು ದಿನಾ ಪೂಜೆಯಲ್ಲಿ ಹಚ್ಚಿಕೊಳ್ಳುತ್ತಿದ್ದ. ನನ್ನ ಮಗಳನ್ನು ಕೊಟ್ಟ ಸಿಂಧನೂರಿನ ಬೀಗರು ಲಿಂಗಸುಗೂರಿನ ನಮ್ಮ ಮನೆಗೆ ಮೊದಲ ಸಲ ಬಂದ ದಿನ, ಆ ಡಬ್ಬಿ ತೆರೆದು, ಋಷಿಗಳ ಹೋಮದ ಬೂದಿಯೆಂದು ಭಕ್ತಿಯಿಂದ ಅವರ ಮುಂದೆ ಹಿಡಿದ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವಳು, ಬಾಯಿ ಸುಮ್ಮನಿರಬೇಕಲ್ಲ.

"ಅದು ಹೋಮದ್ದಲ್ಲರೀ. ಸಾವಿರಾರು ವರ್ಷದ ಹಿಂದ ದನಾ ಕಾಯೋರು ಸುಟ್ಟ ಸಗಣಿ ಗುಡ್ಡಿ" ಎಂದು ನಕ್ಕುಬಿಟ್ಟೆ. ಬೀಗರೂ ನಕ್ಕರು. ಅಪ್ಪ ಡಬ್ಬಿ ಮುಚ್ಚಿದ. ಮರುದಿನದಿಂದ ಬರಿ ಹಣೆ. ನನ್ನ ಜೊತೆ ಮಾತೂ ಇಲ್ಲ.

ಹತ್ತನೆಯ ದಿನ ಭಾನುವಾರ. "ದಿಬ್ಬಕ್ಕ ಹೋಗೂಣು ಬಾ" ಎಂದೆ. ಅಪ್ಪ ಬಂದು ಸ್ಕೂಟಿಯ ಹಿಂದೆ ಕೂತ. ಡಾಂಬರು ಮುಗಿದು ಬಂಡಿ ದಾರಿ ಬಂತು, ಅದೂ ಮುಗಿದ ಮೇಲೆ ನಡೆದೆವು. ಕಣ್ಣು ಹಾಯುವಷ್ಟೂ ಒಣಹುಲ್ಲು, ಅಲ್ಲಲ್ಲಿ ಬಂಡೆ, ದೂರದಲ್ಲೊಂದು ಕುರಿ ಹಿಂಡು. ನಿಜ ಹೇಳಬೇಕೆಂದರೆ ನಾನು ಅಲ್ಲಿಗೆ ಹೋದದ್ದೇ ಅದು ಮೊದಲು. ಮಕ್ಕಳನ್ನು ಮಸ್ಕಿಯ ಶಾಸನದ ಬಂಡೆಗೆ ಎಷ್ಟೋ ಸಲ ಕರೆದುಕೊಂಡು ಹೋದವಳು, ಬೂದಿ ದಿಬ್ಬದ ಪಾಠವನ್ನು ಮಾತ್ರ ಪುಸ್ತಕ ನೋಡಿಯೇ ಮುಗಿಸುತ್ತಿದ್ದೆ.

ದಿಬ್ಬ ನಾನಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಅಪ್ಪ ಬುಡದಲ್ಲೇ ಚಪ್ಪಲಿ ಬಿಟ್ಟು ಹತ್ತಿದ. ನಾನೂ ಬಿಟ್ಟೆ. ಬೂದಿ ಹಿಟ್ಟಿನಷ್ಟು ನುಣುಪಾಗಿ ಕಾಲಡಿ ಜಾರುತ್ತಿತ್ತು. ಮೇಲೆ ಹೋಗಿ ಗಾಳಿಗೆ ಮುಖ ಒಡ್ಡಿ ಕೂತೆವು.

"ಅಪ್ಪಾ, ಆವತ್ತು ಹಂಗ ಅನ್ನಬಾರದಿತ್ತು. ನಂದು ತಪ್ಪಾತು" ಎಂದೆ.

ಅವನು ಬಯಲು ನೋಡುತ್ತಲೇ ಹೇಳಿದ: "ನೀ ಅಂದಿದ್ದು ಖರೇನ ಇರಬೇಕು, ಓದಿದಾಕಿ ನೀ. ಬೀಗರ ಮುಂದ ನಕ್ಕಿ ನೋಡು, ಅದು ನಾಟ್ತು ನನಗ. ನಾವಿಬ್ಬರ ಇದ್ದಾಗ ಹೇಳಿದ್ದರ ನಾನೂ ನಗ್ತಿದ್ದೆ."

ಇಷ್ಟು ವರ್ಷ ತರಗತಿಯಲ್ಲಿ ತಪ್ಪು ಉತ್ತರ ಹೇಳಿದವರನ್ನೆಲ್ಲ ನಾನು ಹೀಗೇ ನಕ್ಕು ತಿದ್ದಿದ್ದು ನೆನಪಾಗಿ ನಾಚಿಕೆಯಾಯಿತು. ಸುತ್ತ ನೋಡಿದೆ. ಕುರಿ ಹಿಂಡು ಕೂಡ ಕಣ್ಮರೆಯಾಗಿತ್ತು. ಅದೇ ಮಾತನ್ನು ಇನ್ನೊಮ್ಮೆ, ಈಗ ಅವನೊಬ್ಬನಿಗೇ ಹೇಳಿದೆ:

"ಅಪ್ಪಾ, ನೀ ಇಷ್ಟು ವರ್ಷ ಹಣಿಗೆ ಹಚ್ಚಿಕೊಂಡಿದ್ದು ಸಗಣಿ ಬೂದಿ."

ಅಪ್ಪ ಕೆಮ್ಮು ಬರುವವರೆಗೂ ನಕ್ಕ. ಆಮೇಲೆ ಕಣ್ಣೊರೆಸಿಕೊಂಡು, ಕಾಲ ಬಳಿಯ ಬೂದಿಯನ್ನು ಮೂರು ಬೆರಳಿಗೆ ಮೆತ್ತಿಕೊಂಡ.

"ಹುಚ್ಚಿ," ಎಂದ, "ವಿಭೂತಿ ಮತ್ತ ಯಾತರಿಂದ ಮಾಡ್ತಾರ ಅಂತ ತಿಳಕೊಂಡಿ?"