ಶಹಾತಾ ಮಾಮನ ಕುರ್ಚಿ

ಅಲೆಕ್ಸಾಂಡ್ರಿಯಾದ ನಮ್ಮ ಓಣಿಯ ಚಹಾದಂಗಡಿ ಮುಂದೆ ಶಹಾತಾ ಮಾಮ ಕುರ್ಚಿ ಹಾಕಿಕೊಂಡು ಕೂತರೆಂದರೆ ಜಗತ್ತಿನ ಯಾವ ಸಂಗತಿಯೂ ತೀರ್ಪಿಲ್ಲದೆ ಉಳಿಯುವುದಿಲ್ಲ. ಟ್ರಾಮ್ ಓಡಿಸುವವನಿಗೆ ಕಣ್ಣಿಲ್ಲ, ನಮ್ಮ ಫುಟ್‌ಬಾಲ್ ತಂಡಕ್ಕೆ ಕಾಲೇ ಇಲ್ಲ. "ಬೆಕ್ಕಿಗೆ ನಿಯತ್ತಿಲ್ಲ ಕಣಯ್ಯಾ" ಎನ್ನುವಾಗ ಓಣಿಯ ಕುಂಟು ಬೆಕ್ಕು ಅವರ ತೊಡೆಯ ಮೇಲೇ ಗೊರಕೆ ಹೊಡೆಯುತ್ತಿರುತ್ತದೆ. ಮಂಡಿನೋವೆಂದು ಅವರು ಯಾರಿಗೂ ಎದ್ದವರಲ್ಲ. ಇಮಾಮರಿಗೂ ಕೂತೇ ಸಲಾಂ ಹೇಳಿದರು, ಮಗಳ ಮದುವೆಯ ಮೆರವಣಿಗೆಯಲ್ಲೂ ಕೂತಲ್ಲಿಂದಲೇ ತಪ್ಪು ಹುಡುಕಿದರು. ಓಣಿಯ ಹುಡುಗಿಯರು ಚೆಂಡು ಹಿಡಿದು ಬಂದ ದಿನವಂತೂ, "ಹೆಣ್ಮಕ್ಕಳಿಗೆ ಯಾಕಮ್ಮಾ ಫುಟ್‌ಬಾಲು?" ಎಂದು ಸಿಡುಕಿದರು. ದರ್ಜಿಯ ಮಗಳು ಹಬೀಬಾ, "ಮಾಮ, ಗೋಲ್ ಕಂಬ ಅಂತ ಒಂದು ಕಡೆ ಗ್ಯಾಸ್ ಸಿಲಿಂಡರ್ ಇಟ್ಟಿದೀವಿ, ಇನ್ನೊಂದು ಕಡೆಗೆ ಏನೂ ಸಿಗ್ತಿಲ್ಲ" ಎಂದಳು. ಮಾಮ ಬೆಕ್ಕನ್ನು ಹೆಗಲಿಗೇರಿಸಿ, ಗೊಣಗುತ್ತಲೇ ಎದ್ದು ಕುರ್ಚಿ ಕೊಟ್ಟರು. ಅಂದಿನಿಂದ ಪ್ರತಿ ಸಂಜೆ ಆಟ ಮುಗಿಯುವತನಕ ಗೋಡೆಗೊರಗಿ ನಿಂತೇ ಇರುತ್ತಾರೆ. ನಿನ್ನೆ ಹಬೀಬಾ ಒದ್ದ ಚೆಂಡು ಕುರ್ಚಿಗೆ ತಾಗಿ ಒಳಗೆ ಹೋಯಿತೋ ಹೊರಗೆ ಹೋಯಿತೋ ಎಂದು ಜಗಳ ಹತ್ತಿತು. "ಹುಡುಗೀರು ಆಡೋದು ನನಗೆ ಈಗ್ಲೂ ಸರಿಬರಲ್ಲ" ಎಂದರು ಮಾಮ, "ಆದ್ರೆ ಅದು ಗೋಲೇ. ನನ್ನ ಕುರ್ಚಿ ನನಗೆ ಗೊತ್ತಿಲ್ವಾ?"