ಗುಂಟೆ ಲೆಕ್ಕದ ಮೇಲಿದ್ದ ಹೆಸರು

ಎಕರೆ-ಗುಂಟೆಗಳನ್ನು ತಪ್ಪಿಲ್ಲದೆ ಕೂಡಿ ಕಳೆಯುವ ಆ ಪುಟ್ಟ ಕಂಪ್ಯೂಟರ್ ಕೋಡನ್ನು ಬರೆದವಳು ನಾನಲ್ಲ. ಇಷ್ಟು ವರ್ಷ ಅದರ ಮೊದಲ ಸಾಲಿನಲ್ಲಿ ಇದ್ದದ್ದು ನನ್ನ ಹೆಸರು — ವಸಂತಾ, ಸಕಲೇಶಪುರ. ಬರೆದವಳು ಶಾಹೀನ್. ನನ್ನ ಜೊತೆ ಕೆಲಸ ಮಾಡುತ್ತಿದ್ದವಳು, ನನ್ನನ್ನು ಬಾಯಿ ತುಂಬ ಅಕ್ಕ ಎನ್ನುತ್ತಿದ್ದವಳು. ಅವಳದನ್ನು ನಾನು ಕದ್ದೆ. ಬರೀ ಕದ್ದದ್ದಷ್ಟೇ ಆಗಿದ್ದರೆ — ಇಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ತಪ್ಪಿಸಿಕೊಳ್ಳುವುದಿಲ್ಲ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷದ ಮಾತು. ಬಸ್ ಸ್ಟ್ಯಾಂಡಿನ ಹತ್ತಿರ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಾನೊಂದು ಕಂಪ್ಯೂಟರ್ ಸೆಂಟರ್ ನೋಡಿಕೊಳ್ಳುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕಲಿಯಲು ಬಂದ ಮಕ್ಕಳು ಅರ್ಧಕ್ಕೇ ಓಡಿಹೋಗುತ್ತಿದ್ದರು. ಶಾಹೀನ್ ಬಂದ ಮೇಲೆ ಓಡುವುದು ನಿಂತಿತು. ಅವಳ ಅಪ್ಪ ರಶೀದ್ ಸಾಹೇಬರು ಎಸ್ಟೇಟುಗಳಿಂದ ಕಾಫಿ ಸಾಗಿಸುವ ಲಾರಿ ಇಟ್ಟಿದ್ದವರು. ಮೊದಲ ದಿನ ತಾವೇ ಅವಳನ್ನು ಕರೆತಂದು, "ಟೀಚರಮ್ಮ, ಇವ್ಳು ಓದಿದ್ದು ಸಾಲ್ದು ಅಂತಾಳೆ. ಇನ್ನು ನಿಮ್ ಕೈಲೈತೆ" ಎಂದು ಒಪ್ಪಿಸಿ ಹೋಗಿದ್ದರು. ಅವಳು ನಮ್ಮಲ್ಲಿ ಕಲಿಸುತ್ತಲೇ ದೂರಶಿಕ್ಷಣದಲ್ಲಿ ಕಂಪ್ಯೂಟರ್ ಡಿಗ್ರಿ ಓದುತ್ತಿದ್ದಳು. ಊರಿಗೆ ಹೊಸದಾಗಿ ಬಂದಿದ್ದ ಕಾಲೇಜಿನವರು, ಡಿಗ್ರಿ ಕೈಗೆ ಬಂದ ದಿನ ಬಾ, ಪಾಠ ಮಾಡುವ ಕೆಲಸ ನಿನಗೇ ಎಂದು ಮಾತು ಕೊಟ್ಟಿದ್ದರು. ಆ ಕೆಲಸದ ಮೇಲೆ ಅವಳು ಜೀವ ಇಟ್ಟುಕೊಂಡಿದ್ದಳು.

ಆ ಸಲ ಬೆಳೆಗಾರರ ಸಂಘವೊಂದು ತನ್ನ ಸದಸ್ಯರ ಜಮೀನನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಕೊಟ್ಟಿತ್ತು. ಪ್ರೋಗ್ರಾಮ್ ಬರೆದವಳು ನಾನು. ನಮ್ಮ ಕಡೆ ಪಹಣಿಯಲ್ಲಿ 2.20 ಎಂದಿದ್ದರೆ ಎರಡೆಕರೆ ಇಪ್ಪತ್ತು ಗುಂಟೆ. ಕಂಪ್ಯೂಟರಿಗೆ ಅದೇನು ಗೊತ್ತು? ಕೊನೆಯ ಸೊನ್ನೆ ದಂಡ ಎಂದುಕೊಂಡು ಅದು 2.2 ಮಾಡಿತು. ಎರಡೆಕರೆ ಎರಡು ಗುಂಟೆ! ಹೆತ್ತೂರಿನ ಗೌಡರೊಬ್ಬರು ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದು, "ಏನಮ್ಮಾ, ನಿನ್ ಕಂಪ್ಯೂಟರು ನನ್ ತೋಟ ನುಂಗ್ಬುಡ್ತಲ್ಲ?" ಎಂದು ಕೇಳಿದರು. ನಾನು ಅವರ ಮೇಲೇ ರೇಗಿದೆ.

ಶಾಹೀನ್ ನಗು ತಡೆದುಕೊಂಡು ನನ್ನ ಪಕ್ಕ ಕುರ್ಚಿ ಎಳೆದುಕೊಂಡಳು. "ಅಕ್ಕ, ಅದನ್ನ ಅಂಕಿ ಅನ್ಕೊಂಡಿದ್ದೇ ತಪ್ಪು ಕಣಕ್ಕ. ಅಕ್ಷರ ಅನ್ಕೊಳ್ಳಿ. ಚುಕ್ಕಿ ಈಚೆಗಿರೋದು ಎಕರೆ, ಆಚೆಗಿರೋದು ಗುಂಟೆ. ನಲವತ್ತಾದ್ರೆ ಒಂದೆಕರೆ ಆಗ್ಬುಡ್ತೈತೆ" ಎಂದಳು. ಹೇಳಿದ್ದನ್ನು ಕೂತು ಬರೆದೂ ಬಿಟ್ಟಳು. ಕೂಡುವುದು, ಕಳೆಯುವುದು, ಅಣ್ಣತಮ್ಮಂದಿರಿಗೆ ಪಾಲು ಮಾಡುವುದು, ಯಾರಾದರೂ 1.45 ಎಂದು ಕೊಟ್ಟರೆ ನಲವತ್ತೈದು ಗುಂಟೆ ಇರಲು ಸಾಧ್ಯವಿಲ್ಲ ಎಂದು ಅಲ್ಲೇ ತಡೆಯುವುದು — ಇಷ್ಟೇ. ಒಂದೆರಡು ಪುಟ. ಆದರೆ ಎಲ್ಲೂ ಎಡವುತ್ತಿರಲಿಲ್ಲ.

ಇಂಥದ್ದಕ್ಕೆ ಲೈಬ್ರರಿ ಎನ್ನುತ್ತಾರೆ, ಪುಸ್ತಕದ್ದಲ್ಲ. ಎಲ್ಲರೂ ಮತ್ತೆ ಮತ್ತೆ ಬರೆದು ತಪ್ಪು ಮಾಡುವ ಸಣ್ಣ ಕೆಲಸವೊಂದನ್ನು ಯಾರೋ ಒಬ್ಬರು ಸರಿಯಾಗಿ ಬರೆದು ಇಂಟರ್ನೆಟ್ಟಿನಲ್ಲಿ ಇಟ್ಟಿರುತ್ತಾರೆ. ಬೇಕಾದವರು ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಕಟ್ಟಳೆ ಒಂದೇ: ಮೇಲೆ ಬರೆದವರ ಹೆಸರು ಇರುತ್ತದಲ್ಲ, ಅದನ್ನು ಅಳಿಸಬಾರದು.

ಇದನ್ನೂ ಹಾಗೆ ಇಡೋಣವೇ ಎಂದು ಕೇಳಿದೆ. "ಹಾಕ್ಬುಡಿ ಅಕ್ಕ, ಯಾರ್ಗಾದ್ರೂ ಉಪಯೋಗ ಆಗ್ಲಿ" ಎಂದಳು. ಅವಳು ಕ್ಲಾಸಿಗೆ ಹೋದಳು, ನಾನು ಕೂತು ಏರಿಸಿದೆ. ಬರೆದವರ ಹೆಸರು ಎಂದು ಕೇಳಿದ ಕಡೆ — ನನ್ನ ಹೆಸರು ಟೈಪ್ ಮಾಡಿದೆ. ಅವಳಿಗೆ ಇಮೇಲ್ ಇಲ್ಲವಲ್ಲ, ಸದ್ಯಕ್ಕೆ ಇರಲಿ ಎಂದುಕೊಂಡೆ. ಸುಳ್ಳು. ಇಮೇಲ್ ಮಾಡಿಕೊಡಲು ಎಷ್ಟು ಹೊತ್ತು ಬೇಕಿತ್ತು? ನನ್ನ ಬೆರಳು ನನ್ನ ಹೆಸರಿನ ಕಡೆಗೇ ಹೋಯಿತು, ನಾನು ತಡೆಯಲಿಲ್ಲ.

ಆಮೇಲೆ ಪತ್ರಗಳು ಬಂದವು. ಧಾರವಾಡದ ಕಡೆಯಿಂದ, ಮಂಡ್ಯದಿಂದ — ಮೇಡಂ, ನಿಮ್ಮಿಂದ ನಮ್ಮ ತಲೆನೋವು ತಪ್ಪಿತು ಎಂದು. ಗುರುತು ಪರಿಚಯವಿಲ್ಲದವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಊರಲ್ಲಿ ನನ್ನನ್ನು ಸಿಡುಕಿ ಎಂದೇ ಎಲ್ಲರೂ ಕರೆಯುತ್ತಿದ್ದದ್ದು... ಹಿಗ್ಗಿದೆ. ಯಾರಾದರೂ ತಪ್ಪು ಹುಡುಕಿ ಬರೆದರೆ ಅದನ್ನು ನನ್ನದೇ ಸಂಶಯ ಎಂಬಂತೆ ಶಾಹೀನಳನ್ನು ಕೇಳುವುದು, ಅವಳು ಸರಿಮಾಡಿ ಕೊಟ್ಟದ್ದನ್ನು ಮತ್ತೆ ನನ್ನ ಹೆಸರಲ್ಲಿ ಏರಿಸುವುದು. ನಾಚಿಕೆ ಆಗಲಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತಿತ್ತು. ಆದರೂ ಮಾಡುತ್ತಿದ್ದೆ.

ಕೊನೆಯ ವರ್ಷ ಅವಳು ಪ್ರಾಜೆಕ್ಟಿಗೆ ಇದೇ ಕೋಡನ್ನು ಬೆಳೆಸಿ ಒಪ್ಪಿಸಿದಳು. ಅವಳದೇ ತಾನೆ, ಯಾಕೆ ಒಪ್ಪಿಸಬಾರದು? ಪರೀಕ್ಷಕರು ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಅದರ ತಿರುಳೆಲ್ಲ ಅಕ್ಷರ ಬಿಡದೆ ಅಲ್ಲಿ ಸಿಕ್ಕಿತು. ಹಾಸನದ ಸ್ಟಡಿ ಸೆಂಟರಿಗೆ ಬರಲು ಅವಳಿಗೆ ಫೋನ್ ಬಂತು. ಅವಳಿಗೆ ಒಂದಿಷ್ಟೂ ಗಾಬರಿ ಇಲ್ಲ. "ನಾವೇ ಹಾಕಿದ್ದು ಅಂತ ಅವ್ರಿಗೆ ಗೊತ್ತಿಲ್ಲ ಅಷ್ಟೇ. ನೀವು ಬಂದು ಒಂದ್ ಮಾತು ಹೇಳ್ಬುಡಿ ಅಕ್ಕ, ಸಾಕು" ಎಂದಳು.

ಬಸ್ಸಿನಲ್ಲಿ ಪಕ್ಕಪಕ್ಕ ಕೂತಿದ್ದೆವು. ಅವಳು ಮಾತಾಡುತ್ತಲೇ ಇದ್ದಳು. ಕಾಲೇಜಿಗೆ ಸೇರಿದ ಮೇಲೆ ಮೊದಲ ದಿನ ಏನು ಪಾಠ ಮಾಡುವುದು ಎಂದು. ಬಾಳ್ಳುಪೇಟೆ ಬಂದಾಗ ಹೇಳಿಬಿಡೋಣ ಎಂದುಕೊಂಡೆ. ಬಾಳ್ಳುಪೇಟೆ ದಾಟಿತು. ಆಲೂರಿನಲ್ಲಿ ಬಸ್ಸು ನಿಂತಾಗ "ಶಾಹೀನ್" ಎಂದೂ ಅಂದೆ. "ಏನಕ್ಕ?" ಎಂದು ತಿರುಗಿದಳು. "ಕಿಟಕಿ ಹಾಕು, ಎರಚಲು" ಎಂದೆ.

ಪರೀಕ್ಷಕರ ಮೇಜಿನ ಮೇಲೆ ಇಂಟರ್ನೆಟ್ಟಿನಿಂದ ಪ್ರಿಂಟ್ ತೆಗೆದ ಹಾಳೆ ಇತ್ತು. ಅವರು ಅದನ್ನು ನನ್ನ ಕಡೆ ತಳ್ಳಿದರು. ಶಾಹೀನ್ ನಿಂತಲ್ಲಿಂದಲೇ ಬಗ್ಗಿ ನೋಡಿದಳು. ಮೊದಲ ಸಾಲು ಓದಿದಳು. ಮತ್ತೆ ಓದಿದಳು. ಆಮೇಲೆ ನನ್ನ ಮುಖ ನೋಡಿದಳು — ನಾನು ನೋಡಲಿಲ್ಲ, ಆದರೆ ನೋಡುತ್ತಿದ್ದಾಳೆಂದು ಗೊತ್ತಾಗುತ್ತಿತ್ತು.

"ಇದು ನೀವು ಬರ್ದಿದ್ದೇನಮ್ಮ?" ಎಂದು ಪರೀಕ್ಷಕರು ನನ್ನನ್ನು ಕೇಳಿದರು.

ಆಗಲೂ ಸಮಯವಿತ್ತು. ಇಲ್ಲ ಎಂದಿದ್ದರೆ ನನಗೆ ಹೋಗುತ್ತಿದ್ದದ್ದು ಏನು? ಒಂದಿಷ್ಟು ಮರ್ಯಾದೆ. ಅವಳಿಗೆ ಉಳಿಯುತ್ತಿದ್ದದ್ದು—

"ಹೌದು ಸರ್, ನಂದೇ" ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಲಿಲ್ಲ. ದೊಡ್ಡ ಮನಸ್ಸಿನವಳ ಹಾಗೆ, "ನಮ್ಮಲ್ಲೇ ಕೆಲ್ಸ ಮಾಡ್ತಾಳೆ, ನೋಡಿ ಕಲ್ತಿರ್ಬೇಕು. ಪಾಪ, ಬಿಟ್ಟುಬಿಡಿ" ಎಂದೂ ಸೇರಿಸಿದೆ. ಅವರು ಬಿಡಲಿಲ್ಲ. ಪ್ರಾಜೆಕ್ಟ್ ರದ್ದಾಯಿತು, ಡಿಗ್ರಿ ಬರಲಿಲ್ಲ. ಕಾಲೇಜಿಗೂ ಸುದ್ದಿ ಮುಟ್ಟಿ, ಆ ಕೆಲಸ ಬೇರೆಯವರ ಪಾಲಾಯಿತು.

ವಾಪಸು ಬರುವಾಗಲೂ ಪಕ್ಕದಲ್ಲೇ ಕೂತಳು. ಹೇಮಾವತಿ ಸೇತುವೆ ಮೇಲೆ ಕೇಳಿದಳು, "ಅಲ್ಲಿ ಎರಡು ಹೆಸ್ರು ಹಿಡೀತಿರ್ಲಿಲ್ವಾ ಅಕ್ಕ?"

ನಾನು ಇಳಿಯಲು ಎದ್ದು ನಿಂತೆ. ಮಾರನೆಯ ದಿನದಿಂದ ಅವಳು ಸೆಂಟರಿಗೆ ಬರಲಿಲ್ಲ.

ಕಳೆದ ತಿಂಗಳು ಆ ಕೋಡಿನ ಮೇಲಿದ್ದ ನನ್ನ ಹೆಸರು ತೆಗೆದು ಅವಳದನ್ನು ಹಾಕಿದೆ. ಎಲ್ಲೆಲ್ಲೋ ಹರಡಿಹೋದ ಪ್ರತಿಗಳಲ್ಲಿ ಇನ್ನೂ ನನ್ನದೇ ಇದೆ. ಅವನ್ನು ಹಿಂದಕ್ಕೆ ಕರೆಸಲು ಆಗುವುದಿಲ್ಲ. ಸ್ಟಡಿ ಸೆಂಟರಿಗೂ ಎಲ್ಲ ಬರೆದು ತಿಳಿಸಿದೆ. ಆಮೇಲೆ ಶಾಹೀನಳ ಮನೆಗೆ ಹೋದೆ. ಅವಳೀಗ ಅಣ್ಣನ ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿ ನೋಡಿಕೊಳ್ಳುತ್ತಾಳೆ. ಕೂರಿಸಿದಳು, ಟೀ ಕೊಟ್ಟಳು. ನನ್ನ ಹೆಸರು ಹಾಕಿದ್ದು, ಈಗ ತೆಗೆದದ್ದು, ಎಲ್ಲ ಹೇಳಿದೆ.

"ನಿನ್ನಪ್ಪನಿಗೂ ಹೇಳ್ತೀನಿ" ಎಂದೆ.

"ಅಪ್ಪ ತೀರ್ಕೊಂಡ್ರು ಅಕ್ಕ. ಅವ್ರಿಗೆ ನಾನೇ ಹೇಳಿದ್ದೆ, ಕದ್ದಿದ್ದು ನಿಜ ಅಂತ."

"ಯಾಕೆ? ಯಾಕೆ ಹಾಗಂದೆ?"

"ಇಲ್ಲ ಅಂದಿದ್ರೆ ನಿಮ್ಮನ್ನ ಕೇಳಕ್ಕೆ ಬರ್ತಿದ್ರು. ನೀವು ಅವ್ರ ಮುಂದೂ ನಂದೇ ಅಂದ್ಬುಟ್ಟಿದ್ರೆ? ಅಷ್ಟೊಂದು ನಂಬಿದ್ರು ನಿಮ್ಮನ್ನ. ಅದೊಂದು ಆಗೋದು ಬ್ಯಾಡ ಅನ್ನಿಸ್ತು. ಸದ್ಯ, ಅದೊಂದು ಆಗ್ಲಿಲ್ಲ."

ಎಲ್ಲ ಹೇಳಲೆಂದೇ ಹೋದವಳು ಅಲ್ಲಿ ಮತ್ತೆ ಬಾಯಿ ಮುಚ್ಚಿಕೊಂಡೆ. ಎದ್ದು ಬಂದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ, ಉಳಿದವರು ಓದಿದರೂ ಓದದಿದ್ದರೂ ನೀನು ಓದಬೇಕು, ಶಾಹೀನ್.

ನಿನ್ನಪ್ಪ ಬಂದಿದ್ದರು. ನೀನು ಸೆಂಟರ್ ಬಿಟ್ಟುಹೋದ ವಾರದಲ್ಲೇ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದರು, ಕೂರಿ ಎಂದರೂ ಕೂರಲಿಲ್ಲ. "ಮಗಳು ತಪ್ಪು ಮಾಡ್ಬುಟ್ಳು ಟೀಚರಮ್ಮ. ನಿಮ್ ಹೆಸ್ರಿಗೆ ಮಸಿ ಬಳಿಯೋ ಕೆಲ್ಸ ಮಾಡ್ಬುಟ್ಳು. ಮನ್ಸಲ್ಲಿ ಇಟ್ಕೋಬ್ಯಾಡಿ" ಎಂದು ನನಗೆ ಕೈ ಮುಗಿದರು.

ನಾನು, "ಪರವಾಗಿಲ್ಲ ಸಾಹೇಬ್ರೇ, ನಾನು ಅವ್ಳನ್ನ ಕ್ಷಮಿಸಿದೀನಿ" ಎಂದೆ.