ಕಾಶತ್ತಿಯ ಗದ್ದ

ಲೋಳಸರದ ಎಲೆ ಸೀಳಿದಾಗ ಬರುವ ವಾಸನೆ ನಿಮಗೂ ಗೊತ್ತಿದ್ದೀತು. ಹಸಿ ಈರುಳ್ಳಿ ಸಿಪ್ಪೆಗೆ ಹತ್ತಿರದ, ಮೂಗಿನೊಳಗೆ ಕಹಿಯಾಗಿ ನಿಂತುಬಿಡುವ ವಾಸನೆ ಅದು. ಮೊನ್ನೆ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಒಂದು ಎಲೆ ಕೊಂಡು ತಂದು, ಅಡುಗೆಮನೆಯಲ್ಲಿ ಅಂಚಿನ ಮುಳ್ಳು ಸವರುತ್ತಿದ್ದೆ. ಹಳದಿ ಸೊನೆ ಬೆರಳಿಗೆ ಅಂಟಿತು. ಚಾಕು ಕೆಳಗಿಟ್ಟೆ. ದಿವಾ ಸ್ಟೇಷನ್ನಿನ ಬಳಿ ನಾವಿದ್ದ ಖೋಲಿ ಎಂಬ ಒಂದೇ ಕೋಣೆಯ ಮನೆ, ಅದರ ತೇವದ ಗೋಡೆ, ಗೋಡೆಗೆ ಮುಖ ಮಾಡಿ ಕೂತ ಕಾಶತ್ತಿ, ಎಲ್ಲ ಒಟ್ಟಿಗೇ ಎದುರು ಬಂದವು.

ನಾವು ವಿಜಯಪುರದ ಕಡೆಯವರು. ಅಪ್ಪ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಲಾರಿಗೆ ಮೂಟೆ ಏರಿಸುತ್ತಿದ್ದ. ರೈಲುಹಳಿಗೆ ಬೆನ್ನು ಹಾಕಿ ನಿಂತ, ಸಾಲು ಕೋಣೆಗಳ ಚಾಳಿನಲ್ಲಿ ನಮಗೊಂದು ಕೋಣೆ. ಅದರಲ್ಲಿ ಅಪ್ಪ, ಅವ್ವ, ನಾವು ಆಯಿ ಎಂದು ಕರೆಯುತ್ತಿದ್ದ ಅಪ್ಪನ ತಾಯಿ, ಅಪ್ಪನ ತಂಗಿ ಕಾಶೀಬಾಯಿ ಅಂದರೆ ನಮ್ಮ ಕಾಶತ್ತಿ, ಹಿರಿ ಮಗಳಾದ ನಾನು, ನನ್ನ ತಮ್ಮ. ಉಣ್ಣುವುದು, ಮಲಗುವುದು, ಜಗಳಾಡುವುದು, ಮುನಿಸಿಕೊಳ್ಳುವುದು ಎಲ್ಲ ಅಷ್ಟರಲ್ಲೇ. ಮೂಲೆಯಲ್ಲಿ ಪಾತ್ರೆ ತೊಳೆಯಲಿಕ್ಕೂ ಮೈ ತೊಳೆಯಲಿಕ್ಕೂ ಒಂದು ಮೋರಿ, ಅದಕ್ಕೆ ಅವ್ವನ ಹಳೆ ಸೀರೆಯ ಪರದೆ. ಇದ್ದೊಂದು ಕಿಟಕಿ ತೆರೆದರೆ ಪಕ್ಕದ ಚಾಳಿನ ಗೋಡೆ ಕೈಗೆ ತಾಗುತ್ತಿತ್ತು. ಒಬ್ಬರು ನಿಟ್ಟುಸಿರು ಬಿಟ್ಟರೆ ಉಳಿದವರಿಗೆ ಕೇಳುತ್ತಿತ್ತು.

ಕಾಶತ್ತಿಗೆ ಗದ್ದದ ಮೇಲೆ ಕೂದಲು ಬರುತ್ತಿತ್ತು. ಗಂಡಸರಿಗೆ ಬರುವಂಥ ದಪ್ಪನೆಯ, ಸುರುಳಿಯಾದ ಕೂದಲು. ಬೆಳಗ್ಗೆ ನಳಕ್ಕೆ ನೀರು ಬರುವ ಮೊದಲೇ ಎದ್ದು ಪರದೆಯ ಹಿಂದೆ ಕೂತು ಬೋಳಿಸಿಕೊಳ್ಳುತ್ತಿದ್ದಳು. ಬ್ಲೇಡಿನ ಆ ಕರಕರ ಸದ್ದು ಕೇಳುತ್ತಿದ್ದರೂ ನಾವೆಲ್ಲ ನಿದ್ದೆಯಲ್ಲಿರುವವರಂತೆ ಬಿದ್ದುಕೊಂಡಿರುತ್ತಿದ್ದೆವು. ಬೋಳಿಸಿದ ಕೂದಲು ಮತ್ತೆ ಚಿಗುರುವಾಗ ಹೊರಗೆ ಬಾರದೆ, ಚರ್ಮದೊಳಗೇ ತಿರುಚಿಕೊಂಡು ಬೆಳೆಯುತ್ತಿತ್ತು. ಅಲ್ಲಲ್ಲಿ ಕೆಂಪು ಗುಳ್ಳೆ ಏಳುತ್ತಿತ್ತು, ಕೆಲವು ಕೀವು ಕಟ್ಟುತ್ತಿದ್ದವು, ಮಾಯ್ದಲ್ಲಿ ಕಪ್ಪು ಕಲೆ ಉಳಿಯುತ್ತಿತ್ತು. ಉಲ್ಹಾಸನಗರದಲ್ಲಿ ಜೀನ್ಸ್ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುವ ಕೆಲಸ ಅವಳದು. ರಜೆಯ ದಿನ ಮಾತ್ರ ಗದ್ದದ ಆರೈಕೆಗೆ ಪುರಸೊತ್ತು. ಬೇವಿನ ಎಲೆ ಕುದಿಸಿದ ನೀರಿನಲ್ಲಿ ಅಪ್ಪನ ಹಳೆ ಧೋತರದ ತುಂಡು ಅದ್ದಿ, ಹಿಂಡಿ, ಗದ್ದಕ್ಕೆ ಒತ್ತಿ ಹಿಡಿಯುವಳು. ಚರ್ಮ ಮೆತ್ತಗಾದ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಸಕ್ಕರೆ ಪುಡಿ ಕಲಸಿ ಬೆರಳ ತುದಿಯಿಂದ ಹಗುರವಾಗಿ ತಿಕ್ಕುವಳು. ಕೊನೆಗೆ, ಬಾಗಿಲ ಹೊರಗೆ ಬಣ್ಣದ ಡಬ್ಬಿಯಲ್ಲಿ ಬೆಳೆಸಿದ್ದ ಲೋಳಸರದ ತಿರುಳು. ಒಮ್ಮೊಮ್ಮೆ ಒಳಗೆ ಸಿಕ್ಕಿಕೊಂಡ ಕೂದಲಿನ ತುದಿ ತಾನಾಗಿ ಮೇಲೆದ್ದು ಬರುತ್ತಿತ್ತು. ತಾಳ್ಮೆಗೆಟ್ಟು ಪಿನ್ನಿನಿಂದ ಕೆದಕಿದ ದಿನ ಅದು ಬಾತುಕೊಂಡು, ರೊಟ್ಟಿ ಅಗಿಯಲಿಕ್ಕೂ ಆಗದೆ ಅವಳು ಗಂಜಿ ಕುಡಿಯುತ್ತಿದ್ದಳು.

ನನಗೆ ಹನ್ನೊಂದೋ ಹನ್ನೆರಡೋ ಇದ್ದಾಗ ಕೋಪರಿಯಿಂದ ಒಂದು ಸಂಬಂಧ ಬಂತು. ವರನ ಮೊದಲ ಹೆಂಡತಿ ತೀರಿಹೋಗಿದ್ದಳು. ಕಾರ್ಖಾನೆಯಲ್ಲಿ ಕಾಯಂ ನೌಕರಿ, ಮಕ್ಕಳಿಲ್ಲ. ಇಂಥದ್ದು ಇನ್ನೊಮ್ಮೆ ಬರುವುದಿಲ್ಲ ಎಂದು ಆಯಿ ಅತ್ತೆಯ ಬ್ಲೇಡು ಕಸಿದು ಹೊರಗೆಸೆದಳು. ಕಸ್ತೂರಿ ಅರಿಶಿಣ, ಕಡಲೆಹಿಟ್ಟು, ಹಾಲಿನ ಕೆನೆ ಕಲಸಿ ಹಚ್ಚಿದರೆ ಕೂದಲು ಬೇರುಸಹಿತ ಉದುರುತ್ತದೆ ಎಂಬುದು ಅವಳ ನಂಬಿಕೆ. ಕೆಲಸಕ್ಕೆ ಹೋಗುವುದನ್ನೂ ಬಿಡಿಸಿದಳು. ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಹೊರಗೆ ಒಂದರ ಹಿಂದೆ ಒಂದು ಲೋಕಲ್ ಗಾಡಿ ಹೋದಾಗಲೆಲ್ಲ ಗೋಡೆ ನಡುಗುತ್ತಿತ್ತು. ಒಳಗೆ ಅತ್ತೆ ಹಳದಿ ಲೇಪ ಬಳಿದುಕೊಂಡು ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. ಯಾರಾದರೂ ಸಕ್ಕರೆ ಕೇಳಲು ಬಂದರೆ ಪರದೆಯ ಹಿಂದೆ ಸರಿದು, ಅವರು ಹೋಗುವತನಕ ಒದ್ದೆ ನೆಲದ ಮೇಲೆ ನಿಂತೇ ಇರುತ್ತಿದ್ದಳು. ಶಾಲೆಯಿಂದ ಬಂದ ನನ್ನನ್ನು ಮಾತ್ರ, ಹೊರಗೆ ಬಿಸಿಲಿದೆಯೇ, ಗಾಡಿಗಳು ತುಂಬಿವೆಯೇ ಎಂದು ಮೆಲ್ಲಗೆ ಕೇಳುತ್ತಿದ್ದಳು. ಕೂದಲು ಉದುರಲಿಲ್ಲ, ಹಳದಿಯಾಗಿ ಬೆಳೆಯಿತು. ಕೊನೆಗೆ ಬೀಗರು ಬರುವ ದಿನ ಬೆಳಗ್ಗೆ ನೆರೆಮನೆಯವಳು ನೂಲು ಹಚ್ಚಿ ಒಂದೊಂದೇ ಕಿತ್ತಳು. ಮಧ್ಯಾಹ್ನದ ಹೊತ್ತಿಗೆ ಗದ್ದ ಕೆಂಪಗೆ ಊದಿಕೊಂಡಿತ್ತು.

ವರ, ಅವನ ಅಕ್ಕ, ಅಕ್ಕನ ಗಂಡ ಬಂದರು. ಅತ್ತೆ ಸೆರಗನ್ನು ತುಟಿಯವರೆಗೆ ಎಳೆದುಕೊಂಡು ಚಹಾ ಕೊಟ್ಟಳು. ವರನ ಅಕ್ಕ ಒಳ್ಳೆಯ ಹೆಂಗಸೇ. ಕೋಣೆಯಲ್ಲಿ ಕತ್ತಲೆ, ಬಾಗಿಲ ಹತ್ತಿರ ಬಾ ತಂಗಿ ಎಂದು ಮೃದುವಾಗಿಯೇ ಕರೆದಳು. ಆಯಿ ಗಡಬಡಿಸಿ, ಸೊಳ್ಳೆ ಕಚ್ಚಿ ಮುಖ ಸ್ವಲ್ಪ ಕೆಂಪಾಗಿದೆ ಎಂದಳು. ಅತ್ತೆ ಬಾಗಿಲಿಗೆ ಹೋಗಿ ನಿಂತು, ತಾನೇ ಸೆರಗು ಕೆಳಗಿಳಿಸಿದಳು.

“ಸೊಳ್ಳಿ ಅಲ್ರೀ ಅಕ್ಕಾ,” ಎಂದಳು. “ನನಗ ಗಡ್ಡ ಬರತೈತಿ. ದಿನಾ ಬೋಳಿಸ್ಕೋತೀನಿ. ನಿಮ್ಮ ಮನಿಗೆ ಬಂದ ಮ್ಯಾಲೂ ಬೋಳಿಸ್ಕೋಬೇಕಾಗತೈತಿ.”

ವರ ತನ್ನ ಕುತ್ತಿಗೆ ಮುಟ್ಟಿಕೊಂಡ. ಅವನ ಕಾಲರಿನ ಮೇಲೂ ಅಂಥವೇ ಗುಳ್ಳೆಗಳ ಸಾಲಿತ್ತು. ಅವನನ್ನು ಯಾರೂ ಬೆಳಕಿಗೆ ಕರೆದಿರಲಿಲ್ಲ. ಚಹಾ ಮುಗಿಸಿ, ಆಯಿಗೆ ನಮಸ್ಕಾರ ಮಾಡಿ ಅವರು ಹೊರಟುಹೋದರು. ಅತ್ತೆ ಕಪ್ಪುಗಳನ್ನು ಎತ್ತಿಕೊಂಡು ಮೋರಿಗೆ ಹೋದಳು, ಮರುದಿನ ಹೊಸ ಬ್ಲೇಡು ತಂದು ಕೆಲಸಕ್ಕೂ ಹೋದಳು. ಆಯಿ ಅವಳೊಡನೆ ಮಾತು ಬಿಟ್ಟಳು. ದೊಡ್ಡ ಮನೆಯಲ್ಲಿ ಮುನಿಸಿಕೊಂಡವರು ಬೇರೆ ಕೋಣೆಗೆ ಹೋಗಬಹುದು. ನಮ್ಮಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಬೆನ್ನಿಗೆ ಬೆನ್ನು ತಾಗಿಸಿ ಮಲಗುತ್ತಿದ್ದರು. ಮಗಳು ಉಂಡಳೇ ಎಂದು ಕೇಳಬೇಕಿದ್ದರೆ, ಮಗಳ ಎದುರೇ, ಆಯಿ ನನ್ನನ್ನು ಕೇಳುತ್ತಿದ್ದಳು.

ಎರಡು ವರ್ಷಗಳಾದ ಮೇಲೆ ನನ್ನ ಗದ್ದದಲ್ಲೂ ಕೂದಲು ಕಾಣಿಸಿತು. ತಮ್ಮನ ಶೇವಿಂಗಿನ ವಯಸ್ಸು ಇನ್ನೂ ದೂರವಿತ್ತು, ನನ್ನದು ಬಂದುಬಿಟ್ಟಿತ್ತು. ಅಪ್ಪನ ರೇಜರು ಕದ್ದು ಎಳೆದುಕೊಂಡೆ, ಗುಳ್ಳೆ ಎದ್ದವು, ಶಾಲೆಗೆ ಹೋಗುವುದಿಲ್ಲ ಎಂದು ಹೊದ್ದು ಮಲಗಿದೆ. ನನ್ನ ಮುಂದಿನ ದಿನಗಳೆಲ್ಲ ಆ ಪರದೆಯ ಹಿಂದೆಯೇ ಕಳೆಯುತ್ತವೆ ಎಂದುಕೊಂಡೆ. ಸಂಜೆ ಕೆಲಸದಿಂದ ಬಂದ ಅತ್ತೆ ಹೊದಿಕೆ ಸರಿಸಿ ನೋಡಿದಳು. ಏನೂ ಕೇಳದೆ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

“ಕೂದಲ ಹೊಂಟ ದಿಕ್ಕಿಗೇ ಬ್ಲೇಡ ಎಳಿಯವ್ವ, ಎದುರ ಎಳೀಬ್ಯಾಡ,” ಎಂದಳು. “ಗುಳ್ಳಿಗೆ ಉಗರ ಹಚ್ಚಬ್ಯಾಡ. ಯಾರರ ಕೇಳಿದ್ರ ಸುಳ್ಳ ಹೇಳಬ್ಯಾಡ.”

ಗೋಡೆಗೊರಗಿ ಕೂತಿದ್ದ ಆಯಿ ಎಲ್ಲ ಕೇಳಿಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮೊಳಕಾಲು ಹಿಡಿದುಕೊಂಡು ಎದ್ದು, ತಾನೇ ಸ್ಟೋವಿನ ಮೇಲೆ ಬೇವಿನ ನೀರಿಟ್ಟಳು. ಕುದಿದ ನೀರನ್ನು ನಮ್ಮ ಮುಂದೆ ತಂದಿಟ್ಟಾಗ ಅವಳ ಕೈಯಲ್ಲಿ ಎರಡು ಬಟ್ಟೆ ತುಂಡುಗಳಿದ್ದವು. “ಆರೂದ್ರಾಗ ಇಟ್ಕೋ ಕಾಶಿ,” ಎಂದಳು. ಅತ್ತೆ ತುಂಡನ್ನು ತೆಗೆದುಕೊಂಡಳು. ನೀರಿಗೆ ಅದ್ದಿ, ಹಿಂಡಿ, ಮೊದಲು ನನ್ನ ಗದ್ದಕ್ಕೆ ಒತ್ತಿದಳು.

ನಾನು ಓದಿದೆ, ನವಿ ಮುಂಬಯಿಯಲ್ಲಿ ನೌಕರಿ ಹಿಡಿದೆ, ಡಾಕ್ಟರರ ಗುಳಿಗೆ ನುಂಗಿದೆ, ಡೊಂಬಿವಲಿಗೆ ಮದುವೆಯಾಗಿ ಬಂದೆ. ಆಯಿ ಹೋದಳು. ಆ ಚಾಳನ್ನೂ ಈಗ ಕೆಡವಿದ್ದಾರೆ; ನಮ್ಮ ಖೋಲಿ ಎಲ್ಲಿತ್ತು ಎಂದು ಕೇಳಿದರೆ ಬೆರಳು ಮಾಡಿ ತೋರಿಸಲಿಕ್ಕೂ ಬರುವುದಿಲ್ಲ. ಕಾಶತ್ತಿ ಮಾತ್ರ ಕೊನೆಯತನಕ ಅಲ್ಲೇ ಇದ್ದಳು. ಚಾಳು ಬೀಳುವ ಹಿಂದಿನ ಮಳೆಗಾಲದಲ್ಲಿ ಜ್ವರ ಎದೆಗೆ ಇಳಿದು, ಕಲ್ಯಾಣದ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಮಣ್ಣು ಮಾಡಿದ ಮರುದಿನ ಅವಳೊಂದಿಗೆ ಗಾಡಿಯಲ್ಲಿ ಹೋಗಿಬರುತ್ತಿದ್ದ ಕೆಲವು ಹೆಂಗಸರು ಬಂದರು. ಅವರಲ್ಲಿ ವಯಸ್ಸಾದ ಮರಾಠಿ ಹೆಂಗಸೊಬ್ಬಳು ಕೋಣೆಯನ್ನು ಸುತ್ತ ನೋಡಿ, “ಇಧರ್ ರಹತೀ ಥೀ ಕ್ಯಾ ವೋ?” ಎಂದಳು, ಅವಳು ಇದ್ದದ್ದು ಇಲ್ಲೇನಾ ಎಂಬ ಬೆರಗಿನಲ್ಲಿ. ಲೋಕಲ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಕಾಶಿ ಎಂದೂ ಕೂತವಳಲ್ಲವಂತೆ. ದಿವಾ ಬಿಟ್ಟ ಕೂಡಲೇ ಬಾಗಿಲ ಕಂಬ ಹಿಡಿದು, ಗಾಳಿಗೆ ಮುಖ ಕೊಟ್ಟು ನಿಂತುಬಿಡುತ್ತಿದ್ದಳಂತೆ. ಅವಳ ನಗು ಪಕ್ಕದ ಡಬ್ಬಿಗೂ ಕೇಳುತ್ತಿತ್ತಂತೆ.

ಅವ್ವ ಕಣ್ಣೊರೆಸಿಕೊಳ್ಳುತ್ತಿದ್ದವಳು ಕೈ ಕೆಳಗಿಳಿಸಿದಳು. “ನಮ್ಮ ಕಾಶಿ ನಗತಿದ್ಲಾ?” ಎಂದು ನನ್ನನ್ನು ಕೇಳಿದಳು. ನನಗೆ ಗೊತ್ತಿರಲಿಲ್ಲ. ಅದನ್ನೇ ಆ ಹೆಂಗಸನ್ನು ಹಿಂದಿಯಲ್ಲಿ ಕೇಳಿದೆ. ಅವಳು ಹೌದೆಂದು ತಲೆಯಾಡಿಸಿ, ಹೇಗೆ ನಗುತ್ತಿದ್ದಳೆಂದು ತೋರಿಸಲು ಬಾಯಿ ತೆರೆದಳು; ಸಾವಾದ ಮನೆಯೆಂಬುದು ನೆನಪಾಗಿ, ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.